ಕೊರಳ ಚೀಲ

ಮೊದಲ ರಾತ್ರಿ ನಾನು ಮಲಗುವುದಿಲ್ಲ.
ಡೊರ್ಮಾದ ಈ ತಗಡಿನ ಶೆಡ್ಡಿನಲ್ಲಿ ಇದ್ದಿಲೊಲೆ ಹೊತ್ತಿಸಿ
ನೆಲದ ಹೊಟ್ಟಿನ ಮೇಲೆ ಹಳೇ ಪತ್ರಿಕೆ ಹಾಸಿ
ನುಚ್ಚು ಉದುರಿಸುತ್ತೇನೆ.
ನಾಲ್ಕುನೂರು ಮರಿ. ಒಂದಕ್ಕೂ ತಾಯಿಲ್ಲ,
ಹೀಗೆ ತಿನ್ನು ಎಂದು ತೋರಿಸಲು ಕೊಕ್ಕಿಲ್ಲ.
ಬೆರಳಿಂದ ಕಾಗದ ಕುಟ್ಟುತ್ತೇನೆ: ಟಕ್, ಟಕ್.
ಒಂದು ಬರುತ್ತದೆ, ಅದರ ಹಿಂದೆ ಹತ್ತು,
ಆಮೇಲೆ ಯಾವನೋ ಮಂತ್ರಿಯ ಮುಖದ ಮೇಲೆಲ್ಲ
ಹಳದಿ ಗಲಾಟೆ.

ನಡುರಾತ್ರಿ ಒಂದೊಂದನ್ನೇ ಎತ್ತಿ
ಕೊರಳ ಬುಡದ ಚೀಲಕ್ಕೆ ಹೆಬ್ಬೆರಳಿಡುತ್ತೇನೆ.
ಕಲ್ಲಿನಂತಿದ್ದರೆ ನೀರು ಕುಡಿದಿಲ್ಲ.
ಗುಳ್ಳೆಯಂತಿದ್ದರೆ ಬರೀ ನೀರು.
ಕೆಂಕೆಗೆ ನಾದಿಟ್ಟ ಹಿಟ್ಟಿನ ಹದ ಸಿಕ್ಕರೆ,
ಸರಿ, ಅನ್ನುತ್ತದೆ ಬೆರಳು. ಇದು ಉಳಿಯುತ್ತದೆ.
ಚೀಲ ಚಪ್ಪಟೆಯಾದವನ್ನು ಒಲೆ ಬಳಿ ಬಿಟ್ಟು
ಮತ್ತೆ ಟಕ್, ಟಕ್.

ಹೋದ ಸಲ ಅಗ್ಗಕ್ಕೆ ಸಿಕ್ಕಿತೆಂದು ತಂದ ಮುಸುಕಿನ ಜೋಳ
ಒಳಗೊಳಗೇ ಹಸಿರು ಬೂಷ್ಟು ಹಿಡಿದಿತ್ತು.
ಡಾಕ್ಟರು ಸೀಳಿ ತೋರಿಸಿದರು:
ಹಣ್ಣು ಪಪ್ಪಾಯಿಯ ಬಣ್ಣಕ್ಕೆ ತಿರುಗಿದ ಈಲಿ.
ಎಪ್ಪತ್ತೊಂದನ್ನು ಮಣ್ಣು ಮಾಡಿದೆ.
ಈಗ ಪ್ರತಿ ಮೂಟೆಗೂ ಮೊಣಕೈವರೆಗೆ ತೋಳು ತೂರಿಸುತ್ತೇನೆ.
ಒಳಗೆ ಬೆಚ್ಚಗಿದ್ದರೆ ಬೇಡ.
ಕಚ್ಚಿದ ಕಾಳು ಕಟ್ ಎನ್ನದಿದ್ದರೆ ಬೇಡ.
ವ್ಯಾಪಾರಿ ಬ್ರೆಂಪಾಂಗ್ ನಗುತ್ತಾನೆ:
"ಡುಫಿಯೆ, ಗಂಡನನ್ನು ಆರಿಸುವಾಗ ಇಷ್ಟು ನೋಡಿದ್ದೆಯಾ?"
ನೋಡಿರಲಿಲ್ಲ.
ಅದಕ್ಕೇ ಈಗ ನೋಡುತ್ತೇನೆ.

ಸೋಯಾ ಹುರಿದೇ ಹಾಕಬೇಕು, ಹಸಿಯದು ಹೊಟ್ಟೆಗಾಗದು.
ಒಣಮೀನಿನ ಪುಡಿ, ಆದರೆ ಕೈ ಹಿಡಿದು,
ಇಲ್ಲವಾದರೆ ಸಾರಿನಲ್ಲಿ ಕೋಳಿಯೇ ಮೀನು ನಾರುತ್ತದೆ.
ಚಿಪ್ಪಿನ ಪುಡಿ, ಎಷ್ಟೋ ಅಷ್ಟೇ ಉಪ್ಪು.
ಬೋಲ್ಗಾದಿಂದ ಬಂದ ಹುಡುಗ ಆಯಂಗ
ಸಲಿಕೆಯಲ್ಲಿ ಏಳು ಸಲ ಮಗುಚುತ್ತಾನೆ,
ಎಂಟನೆಯದು ನನ್ನ ಕಣ್ಣು ತಪ್ಪಿಸಿ ಬಿಡುತ್ತಾನೆ.

ಎರಡನೇ ವಾರ ಅವುಗಳ ಹಸಿವಿಗೆ ಹುಚ್ಚು.
ಎದೆ ಬೆಳೆಯುವ ಓಟಕ್ಕೆ ಕಾಲು ಜೊತೆಗೂಡದು.
ಕ್ರಿಸ್‌ಮಸ್ ಸಂತೆಗೆಂದು ಮೈದುನ ಯಿಯಾದೊಮ್
ರಾತ್ರಿಯಿಡೀ ಬಲ್ಬು ಉರಿಸಿ ತಿನ್ನಿಸಿದ.
ಡೋಲಿನಂಥ ಕೋಳಿಗಳು, ಕೂತವು ಕೂತೇ ಇದ್ದವು,
ಕೆಲವು ಬೆನ್ನಡಿಯಾಗಿ, ಕಾಲು ಮೇಲಾಗಿ.
ನಾನು ಅಳೆದು ಹಾಕುತ್ತೇನೆ. ನಾಲ್ಕು ತಾಸು ದೀಪ ಆರಿಸುತ್ತೇನೆ.
ಕತ್ತಲೆಯೂ ಒಂದು ಮೇವು.
ಬಿಸಿಲೇರಿದಾಗ ತೊಟ್ಟಿಗಳನ್ನು ಹಗ್ಗದಲ್ಲಿ ಮೇಲೆತ್ತುತ್ತೇನೆ.
"ಹಸಿದವರ ಮುಂದಿಂದ ತಟ್ಟೆ ಎತ್ತುವುದೆ ಅಕ್ಕಾ?" ಅಂದ ಆಯಂಗ.
ಉಂಡದ್ದು ಅರಗುವುದೂ ಬೆಂಕಿಯೇ ಕಣೋ, ಅಂದೆ,
ಹೊರಗಿನದು ಸಾಲದೆ?
ಅವನು ತಲೆಯಾಡಿಸಿದ. ಒಪ್ಪಿ ಅಲ್ಲ.

ನಲವತ್ತೆರಡನೆಯ ಸಂಜೆ.
ಲಾರಿ ಬೆಳಗಿನ ಜಾವಕ್ಕೆ. ಕರುಳು ಖಾಲಿಯಿದ್ದರೆ ಮಾಂಸ ಚೊಕ್ಕಟ.
ಹಗ್ಗ ಎಳೆದೆ. ತೊಟ್ಟಿಗಳು ಮೇಲೆ ಹೋದವು,
ನೀರು ಮಾತ್ರ ಕೆಳಗುಳಿಯಿತು.
ಈ ಸಲ ಆಯಂಗ ಏನೂ ಕೇಳಲಿಲ್ಲ.
ಹೊರಗೆ ಹೋಗಿ ಖಾಲಿ ಮೂಟೆಗಳನ್ನು
ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ನಡುರಾತ್ರಿ, ರೂಢಿಯಿಂದ,
ಒಂದನ್ನೆತ್ತಿ ಕೊರಳಿಗೆ ಹೆಬ್ಬೆರಳಿಟ್ಟೆ.
ಚಪ್ಪಟೆ.
ಸರಿ, ಅಂದಿತು ಬೆರಳು,
ಮೊದಲ ರಾತ್ರಿ ಅಂದ ಅದೇ ದನಿಯಲ್ಲಿ.

ಆಗ ಇನ್ನೊಂದು ಕೈ, ನಾನು ಹೇಳದೆಯೇ,
ಬಕೆಟ್ಟಿನ ಅಂಚನ್ನು ಟಕ್, ಟಕ್ ಎಂದು ಕುಟ್ಟಿಬಿಟ್ಟಿತು.
ಕತ್ತಲಲ್ಲಿ ಮುನ್ನೂರ ತೊಂಬತ್ತೊಂದು ಕೊರಳು
ಒಟ್ಟಿಗೆ ಎದ್ದವು.