ಮುಂದೆ?

ಕೋಡಿಬಾಗದಲ್ಲಿ ನಮ್ಮ ಕಚೇರಿ, ಎರಡು ಕೋಣೆ.
ಕೆಳಗೆ ದೋಣಿ ಇಂಜಿನ್ ರಿಪೇರಿ ಅಂಗಡಿ,
ಮೇಲೆ ನಾವು ನಾಲ್ವರು, ಒಂದು ಫ್ಯಾನು,
ಮರಳಿ ಬಾರದವರ ಹಸಿರು ಫೈಲುಗಳು.
ಮಾಜಾಳಿಯಿಂದ ಹಾರವಾಡದವರೆಗೆ
ಯಾರ ಮನೆಯ ಗಂಡಸು ಕಡಲಿಗೆ ಹೋಗಿ ಬರಲಿಲ್ಲವೋ
ಆ ಮನೆಗೆ ನಾವು ಹೋಗುತ್ತೇವೆ.
ದೇಹ ಸಿಗದೆ ಮರಣಪತ್ರವಿಲ್ಲ,
ಮರಣಪತ್ರವಿಲ್ಲದೆ ಏನೂ ಇಲ್ಲ.
ಕಾಣೆಯಾದವನು ಸತ್ತನೆಂದು ನಂಬಲು
ಕಾಯಿದೆಗೆ ಏಳು ವರ್ಷ ಬೇಕಂತೆ.

ನಾನು ಇಲ್ಲಿ ಸೇರಿಯೂ ಏಳು ವರ್ಷ.

ಮೊದಲು ಹೋದದ್ದು ನಿದ್ದೆಯಲ್ಲ,
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.
ಮೊದಲು ಹೋದದ್ದು ಬಂಗಡೆ.
ಸಾರಿನಲ್ಲಿ ಅದರ ಕಣ್ಣು ಕಂಡು ತಟ್ಟೆ ಸರಿಸಿದೆ.
ಉಪ್ಪು ಹೆಚ್ಚಾಯ್ತಾ? ಎಂದರು ಅತ್ತೆ.
ಹೂಂ ಎಂದೆ. ಸುಲಭದ ಉತ್ತರ.

ನನ್ನ ಗಂಡ ಬ್ಯಾಂಕಿನ ಕ್ಯಾಷಿಯರ್,
ಮೊಣಕಾಲು ಮೀರಿ ಕಡಲಿಗಿಳಿದವನಲ್ಲ.
ಆದರೂ ಅವನ ಸ್ಕೂಟರ್ ಹತ್ತು ನಿಮಿಷ ತಡವಾದರೆ
ಬೆಳಿಗ್ಗೆ ಹಾಕಿದ್ದ ಅಂಗಿಯ ಬಣ್ಣ ನೆನಪಿಸಿಕೊಳ್ಳುತ್ತೇನೆ.
ನಮ್ಮ ಫಾರ್ಮಿನ ಹನ್ನೊಂದನೇ ಕಾಲಂ ಅದು:
ಕೊನೆಯ ಬಾರಿ ಕಂಡಾಗ ತೊಟ್ಟಿದ್ದ ಉಡುಪು.

ದಣಿವು ಎಂದುಕೊಂಡೆ. ಮಾರ್ಚ್ ತಿಂಗಳು,
ವರ್ಷದ ವರದಿ, ಫಲಾನುಭವಿಗಳು ಇನ್ನೂರ ಹದಿನಾಲ್ಕು.
ದಣಿವಾಗಿದ್ದರೆ ಒಂದು ಭಾನುವಾರ ಸಾಕಿತ್ತು.

ಹಾರವಾಡದ ಶೇವಂತಿ ಹರಿಕಂತ್ರ ಹೇಳುತ್ತಿದ್ದಳು.
ಬೆಳಗಿನ ಜಾವ ಅವ ಹೊಸಿಲು ದಾಟಿ ತಿರುಗಿ ಬಂದ,
ಬೀಡಿ ಕಟ್ಟು ಮರೆತೆ ಅಂದ,
ಹೊರಟವ ತಿರುಗಿ ಬರ್ತಾರಾ ಅಂತ ನಾ ಬೈದೆ...
ಅಲ್ಲಿಗೆ ನಿಲ್ಲಿಸಿದಳು.

ನಾನು ಹಾಳೆಯಿಂದ ತಲೆ ಎತ್ತದೆ ಕೇಳಿದೆ:
"ಮುಂದೆ?"

ಹರಾಜಿನ ದಲ್ಲಾಳಿ
ಒಂದು ಬುಟ್ಟಿ ಕಾಲಲ್ಲಿ ಸರಿಸಿ
ಇನ್ನೊಂದಕ್ಕೆ ಕೂಗುವ ಹಾಗೆ.

ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ.
ನನ್ನ ಮುಖವನ್ನೇ ಸುಮಾರು ಹೊತ್ತು ನೋಡಿ
ಕೇಳಿದಳು, ಮೆತ್ತಗೆ:
"ಅಕ್ಕೋರೆ, ನಿಮ್ಮನೇಲಿ ಯಾರು ಹೋದ್ರು?"

ಯಾರೂ ಇಲ್ಲ ಎನ್ನಲು ಬಾಯಿ ತೆರೆದೆ.
ಇನ್ನೂರ ಹದಿನಾಲ್ಕು ಎಂದು ಬಂತು ನಾಲಗೆಗೆ.
ನುಂಗಿಕೊಂಡೆ.

ಮರುದಿನ ಕಚೇರಿಯಲ್ಲಿ ಹೇಳಿದೆ, ನಾಚಿಕೆಯಿಂದ,
ಕದ್ದದ್ದನ್ನು ಒಪ್ಪಿಕೊಂಡ ಹಾಗೆ.
ಲೆಕ್ಕ ಬರೆಯುವ ಇನಾಸ್ ಕನ್ನಡಕ ತೆಗೆದ:
ರಾತ್ರಿ ಫೋನು ಬಂದರೆ
ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತೇನೆ,
ಎರಡು ವರ್ಷದಿಂದ.
ಹೊಸ ಹುಡುಗಿ ಸ್ನೇಹಲ್ ನಕ್ಕಳು.
ಈಚೆಗೆ ಅವಳು ನಗುವುದೇ ಜಾಸ್ತಿ,
ಹೆಣ ಕೊಚ್ಚಿ ಬಂದ ದಿನವೂ ಒಂದು ಜೋಕು.
ಆಮೇಲೆ ನಗು ನಿಲ್ಲಿಸಲು ಅವಳಿಗೆ ಬರಲಿಲ್ಲ.

ಈಗ ಕಚೇರಿ ಫೋನು ವಾರಕ್ಕೊಬ್ಬರ ಕೈಯಲ್ಲಿ,
ಉಳಿದವರ ರಾತ್ರಿ ಅವರವರದು.
ಹೊಸ ಮನೆ ದಿನಕ್ಕೆ ಒಂದೇ, ಹೋಗುವವರು ಇಬ್ಬರು.
ಬರುವಾಗ ಬಸ್ಸಿನಲ್ಲಿ ಬೇಕಿದ್ದರೆ ಮಾತು,
ಬೇಡವಾದರೆ ಕಿಟಕಿ.
ಶನಿವಾರ ಮೂರಕ್ಕೆ ಕೆಳಗಿನ ಅಂಗಡಿಯ ಶಟರ್ ಬಿದ್ದಾಗ
ನಾವೂ ಫೈಲು ಮುಚ್ಚಿ ಕೂರುತ್ತೇವೆ.
ಒಬ್ಬರು ಹೇಳುವುದು, ಮೂವರು ಕೇಳುವುದು.
ಪೆನ್ನು ಮುಟ್ಟುವಂತಿಲ್ಲ.

ಆ ಎರಡು ತಾಸಿನ ಸಂಬಳ ಯಾವ ಖಾತೆಗೆ
ಎಂದು ಕೇಳಿದರು ಟ್ರಸ್ಟಿಗಳು.
ಇನಾಸ್ ಯೋಚಿಸಿ ಬರೆದ:
ದುರಸ್ತಿ ಮತ್ತು ನಿರ್ವಹಣೆ.
ಮೇಲಿನ ಸಾಲಿನಲ್ಲಿ ಫ್ಯಾನಿನ ಕಂಡೆನ್ಸರ್ ಇತ್ತು.

ಜೂನ್ ಒಂದಕ್ಕೆ ಬೈತಖೋಲದಲ್ಲಿ ದೋಣಿಗಳಿಗೆ ರಜೆ.
ಕಡಲಿಗೂ ಬಿಡುವು ಬೇಕೆಂದು
ಸರ್ಕಾರವೇ ಆದೇಶ ಹೊರಡಿಸುತ್ತದೆ.
ನಾನು ಹತ್ತು ದಿನ ಕೇಳಿದೆ. ಆರು ಸಿಕ್ಕಿತು.

ಮತ್ತೆ ಹೋದೆ ಶೇವಂತಿಯ ಮನೆಗೆ, ಸ್ನೇಹಲ್ ಜೊತೆಗೆ.
ಏಳು ವರ್ಷ ಎಲ್ಲ ಮನೆಯಲ್ಲೂ ಬೇಡ ಎಂದ ಚಹಾ
ಅಂದು ಕುಡಿದೆ. ಸಿಹಿ ಜಾಸ್ತಿ ಇತ್ತು.
ಅವಳು ಬೀಡಿ ಕಟ್ಟಿನ ತನಕ ಬಂದು ನಿಂತಳು.
ನಾನೂ ಅಲ್ಲೇ ನಿಂತೆ.
ಪಕ್ಕದಲ್ಲಿ ಯಾರೋ ತೆಂಗಿನಗರಿ ಎಳೆಯುವ ಸದ್ದು,
ನಾಯಿ, ಅದರ ಹಿಂದೆ ಒಂದು ಮಗು.

ಬಂಗಡೆ ಇನ್ನೂ ತಿನ್ನಲಾಗುವುದಿಲ್ಲ.
ಅತ್ತೆಗೆ ಈಗ ಕಾರಣ ಗೊತ್ತು,
ನನಗೆ ಬೇರೆ ತಂಬುಳಿ ಮಾಡಿಡುತ್ತಾರೆ.

ನಿನ್ನೆ ಸ್ಕೂಟರ್ ಇಪ್ಪತ್ತು ನಿಮಿಷ ತಡ.
ತಿಳಿನೀಲಿ. ಚೌಕಳಿ. ಜೇಬಿನ ಬಳಿ ಶಾಯಿಯ ಕಲೆ.

ಶನಿವಾರ ಹೇಳಬೇಕು.