ಭಟ್ಟಿಯ ಹೊಗೆ

ಎಂಎಸ್ಸಿಯ ಹಾಲಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ
ಹೊಗೆ ಅಳೆದು ತಂದಳು. ಹನ್ನೆರಡು ಪುಟ.
ಪುಟದ ತುಂಬ "ಅಳೆಯಲಾಯಿತು", "ಕಂಡುಬಂದಿತು";
ಅಳೆದವರು ಯಾರು, ಕಂಡವರು ಯಾರು, ಪತ್ತೆಯಿಲ್ಲ.

ನನಗಿದು ಸಾಕು, ಅಂದೆ. ಇನ್ನು
ಅಲ್ಲೇ ಅಕ್ಕಿ ಹುರಿಯುವ ನಿನ್ನ ಚಿಗವ್ವನಿಗೆ ಬರಿ.

ಎಂಟು ದಿನಕ್ಕೆ ಅರ್ಧ ಹಾಳೆ:
"ಚಿಗವ್ವಾ, ಸೆರಗಿಗೆ ಹತ್ತೋ ಕರಿ ಒಗುದ್ರೆ ಹೋಗ್ತತಿ.
ಅದಕ್ಕಿಂತ ಸಣ್ಣದೊಂದೈತಿ, ಕಣ್ಣಿಗೆ ಕಾಣಲ್ಲ,
ಉಸಿರಿನ ಜೊತೆ ಒಳಗೋಗಿ ಕುಂತ್ಕಂತತಿ.
ಅದನ್ನ ಒಗೆಯೋ ಸೋಪಿಲ್ಲ."

ಕೆಂಪು ಪೆನ್ನು ಸುಮ್ಮನಿತ್ತು.
ಓದಿ ಹೇಳಿದೆಯಾ?
ಹೇಳಿದೆ ಸರ್. ಕೆಮ್ಮಿದಳು, ನಕ್ಕಳು.
"ಇದು ನನ್ ಎದೆಗೆ ಯಾವತ್ತೋ ಗೊತ್ತು.
ಒಲೆಗೆ ಟೈರು ತರಿಸೋ ಸಾವ್ಕಾರ್ರಿಗೆ ಬರಿ" ಅಂದಳು.

ನನ್ನ ಪಾಠದ ಓದುಗರ ಪಟ್ಟಿಯಲ್ಲಿ
ಸಾವ್ಕಾರ್ರು ಇರಲಿಲ್ಲ.