ಸಂಜೆ ಹೊತ್ತಿನ ಅಳತೆ

ಬೂಟು ಕೊಳ್ಳುವುದಾದರೆ ಸಂಜೆ ಕೊಳ್ಳಬೇಕು, ಗೆಥಿನ್.
ಬೆಳಗ್ಗೆ ಕಾಲು ಸುಳ್ಳು ಹೇಳುತ್ತದೆ.
ದಿನವಿಡೀ ನಿಂತು, ಜೋತು, ಕಾಂಡ ಒದ್ದು, ಊದಿಕೊಂಡ ಮೇಲಷ್ಟೇ
ತನ್ನ ನಿಜವಾದ ಅಳತೆ ಒಪ್ಪಿಕೊಳ್ಳುತ್ತದೆ.
ಅದಕ್ಕೇ ನಿನ್ನನ್ನು ಕೆಲಸದಿಂದ ನೇರ ಇಲ್ಲಿಗೆ ತಂದೆ,
ಕೂದಲಲ್ಲಿ ಗರಗಸದ ಹೊಟ್ಟು ಇರುವಾಗಲೇ,
ಡೊಲ್ಗೆಥ್ಲೈ ಪೇಟೆಯ ಈ ಇಳಿಜಾರು ಓಣಿಗೆ,
ಇದ್ವಲ್ ಮುದುಕ ಬಾಗಿಲು ಹಾಕುವ ಮುಂಚೆ.

ಕೆಂಪು ಅಂಚಿನದು ಚಂದ ಇದೆ, ನಿಜ. ಕೆಳಗಿಡು.
ಅರವತ್ತಡಿ ಮೇಲೆ ನೋಡುವವರು ಯಾರು?
ಒಂದು ಕಾಗೆ. ಅದೂ ಬೈಯುತ್ತ.

ಮೊದಲು ಮಗುಚಿ ಹಿಡಿ. ನಡುವೆ ಬಗ್ಗಿಸು.
ಬಗ್ಗಿತೇ? ಬೇಡ.
ಅಂಗಾಲಿನ ಗುಳಿಯ ಕೆಳಗೆ ಉಕ್ಕಿನ ಪಟ್ಟಿ ಇರಬೇಕು.
ಕಡಿಯಲೆಂದು ಗುರುತು ಹಾಕಿದ ಮರಕ್ಕೆ
(ಅದಕ್ಕೆ ಮಾತ್ರ; ಬದುಕುವ ಮರಕ್ಕೆ ಎಂದೂ ಚುಚ್ಚಬೇಡ)
ಕಾಲಿನ ಮುಳ್ಳು ನೆಟ್ಟು ನಿಂತಾಗ
ನಿನ್ನ ಮೈಭಾರವೆಲ್ಲ ಎರಡು ಬೆರಳಗಲದ ಕಬ್ಬಿಣದ ಮೇಲೆ.
ಮೆತ್ತನೆಯ ಅಟ್ಟೆ ಹತ್ತು ನಿಮಿಷ ಮುದ್ದು ಮಾಡುತ್ತದೆ,
ಹನ್ನೊಂದಕ್ಕೆ ಮೂಳೆ ಕೇಳುತ್ತದೆ.
ಬೆರಳ ಬುಡದಲ್ಲಿ ಮಾತ್ರ ಚೂರು ಬಾಗಲಿ,
ಪಾದಗಳ ನಡುವೆ ಹಗ್ಗ ಸುತ್ತಿ ಏರುವಾಗ
ಬೂಟಿಗೂ ಕೊಂಚ ಬುದ್ಧಿ ಬೇಕು.

ಲೇಸು ಸಿಗಿಸುವ ಈ ಕೊಕ್ಕೆಗಳು ಕಂಡೆಯಾ?
ಬರೀ ತೂತಿನದು ತಗೋ. ಕಟ್ಟಲು ಹೊತ್ತು ಹಿಡಿಯಲಿ.
ಒಂದು ಸಲ ಹೀಗೇ ಕೊಕ್ಕೆಗೆ ಹಗ್ಗ ಸಿಕ್ಕಿ
ಬೀಚ್ ಮರದಲ್ಲಿ ತಲೆಕೆಳಗು ನೇತಾಡಿದೆ ಇಪ್ಪತ್ತು ನಿಮಿಷ,
ಬಾವಲಿ ಥರ.
ಪಾದ್ರಿಯ ಹೆಂಡತಿ ಕೆಳಗೆ ಚಹಾ ಹಿಡಿದು
"ಮೆರೆರಿದ್, ಸಕ್ಕರೆ ಎಷ್ಟು?" ಎನ್ನುತ್ತಿದ್ದಳು.

ಬೆಲೆಚೀಟಿಗೆ ಹುಬ್ಬೇರಿಸಬೇಡ.
ನನ್ನ ಮೊದಲ ಜೊತೆ ನಲವತ್ತು ಪೌಂಡಿನದು.
ಫೆಬ್ರವರಿಯಲ್ಲಿ ಕೊಂಡೆ, ಮೇ ತಿಂಗಳಿಗೆ ನಾಲಿಗೆ ಚಾಚಿ ಅಣಕಿಸಿತು.
ಈ ಚಳಿಗಾಲ ಇನ್ನೂರು ಆ್ಯಶ್ ಮರ ಬಾಕಿ ಇವೆ ನಮಗೆ,
ಎಲ್ಲಕ್ಕೂ ಅದೇ ಕಾಯಿಲೆ,
ನೆತ್ತಿಯಿಂದ ಬೋಳಾಗುತ್ತ ಇಳಿಯುವುದು.
ಅಷ್ಟನ್ನೂ ಇಳಿಸುವವರೆಗಾದರೂ ಹೊಲಿಗೆ ಬಿಡಬಾರದು.

ಈಗ ಉಣ್ಣೆಯ ಕಾಲುಚೀಲ ಹಾಕಿ, ಎರಡೂ ಕಟ್ಟಿ,
ಮೂಲೆಯ ಏಣಿ ಹತ್ತು. ಇದ್ವಲ್ ಅದನ್ನು ಇಟ್ಟಿರುವುದೇ ನಮಗೆ.
ಎರಡನೆಯ ಮೆಟ್ಟಿಲು, ಅಂಗಾಲಿನ ನಡುವಲ್ಲಿ ನಿಲ್ಲು.
ಕೆಟಲ್ ಕುದಿಯುವವರೆಗೆ ಇಳಿಯಬೇಡ,
ಮಾತೂ ಆಡಬೇಡ. ಕಾಲು ಹೇಳುವುದು ಕೇಳಿಸಿಕೋ.

ಅಷ್ಟರಲ್ಲಿ ಇದ್ವಲ್, ಯಾರೂ ಕೇಳದೆ, ಒಳಹೋಗಿ
ಇನ್ನೊಂದು ಪೆಟ್ಟಿಗೆ ತರುತ್ತಾನೆ, ಧೂಳು ಊದುತ್ತ.
ಆರನೇ ನಂಬರು, ಅಗಲದ್ದು,
ಬಲಗಾಲಿನ ಕಿರುಬೆರಳ ಹತ್ತಿರ ಬಡಿದು ಹಿಗ್ಗಿಸಿದ್ದು.
ಇಪ್ಪತ್ತಾರು ವರ್ಷದಿಂದ ನನ್ನ ಕಾಲು
ಅವನ ಸುತ್ತಿಗೆಗೆ ಬಾಯಿಪಾಠ.

"ಇಲ್ಲ ಇದ್ವಲ್. ಈ ಸಲ ನೆಲದ್ದು ಕೊಡು."

ಮಂಡಿ ಎರಡೂ ಒಂದೇ ವರ್ಷ ಕೈಕೊಟ್ಟವು ಎಂದು
ಅವನಿಗೆ ಹೇಳಲಿಲ್ಲ. ಅವನು ಕೇಳಲೂ ಇಲ್ಲ.
ಮುಚ್ಚಳವನ್ನು ಒಂದಷ್ಟು ಹೊತ್ತು ಕೈಯಲ್ಲೇ ಹಿಡಿದಿದ್ದ,
ಆಮೇಲೆ ಕೆಳಗಿನ ಸಾಲಿಂದ ಕಂದು ಬಣ್ಣದ್ದು ತಂದ,
ಹಗ್ಗ ಹಿಡಿಯುವವರು, ಕೊಂಬೆ ಎಳೆಯುವವರು ಹಾಕುವಂಥದ್ದು.
ಹಗುರ. ಮುಂದೆ ಉಕ್ಕಿನ ಟೋಪಿ.
ಹಾಕಿಕೊಂಡು ಬಾಗಿಲವರೆಗೆ ಹೋಗಿ ಬಂದೆ.
ಎಲ್ಲೂ ಕಚ್ಚಲಿಲ್ಲ.
ಹೊಸ ಬೂಟು ಒಂದು ಸಲವಾದರೂ ಕಚ್ಚಬೇಡವೇ.

ಏಣಿಯ ಮೇಲೆ ನೀನು, ತುಟಿ ಬಿಗಿದು,
ನೋವೋ ಜಂಬವೋ ತಿಳಿಯದ ಮುಖ.
ಕೆಟಲ್ ಆಗಲೇ ಕುದಿದು, ತಾನಾಗಿ ಆರಿ, ಸುಮ್ಮನಾಗಿತ್ತು.
ಇದ್ವಲ್ ನನ್ನ ಕಡೆ ನೋಡಿದ.
ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ, ಅಂದೆ.